ಚೋಕ್ ಎಳೆದರಷ್ಟೇ ಓಡುವ ಕಾರು

ಓದುಗರ ಪ್ರಶ್ನೆ – ವಾಹನ ವಿಭಾಗ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಇರುವ ಹಳೆಯ ಕಾರುಗಳ ಬಗ್ಗೆ. ಮನೆಮುಂದೆ ನಿಲ್ಲಿಸಿ ಒರೆಸುವ ಕಾರುಗಳಲ್ಲ, ದಿನಾ ಕೆಲಸಕ್ಕೆ ಹೋಗಿಬರುವಂಥವು. ಹಾಗಾಗಿ ಉತ್ತರಗಳೂ ಆ ಲೆಕ್ಕದಲ್ಲೇ ಇವೆ.

ಪ್ರಶ್ನೆ: ನನ್ನದು 1997ರ ಮಾರುತಿ 800. ಚೋಕ್ ಅರ್ಧ ಎಳೆದಿಟ್ಟರೆ ಓಡುತ್ತದೆ. ಒಳಗೆ ತಳ್ಳಿದರೆ ಗೇಟಿನಲ್ಲೋ ಸಿಗ್ನಲ್‌ನಲ್ಲೋ ನಿಂತ ಕೂಡಲೇ ಆಫ್ ಆಗುತ್ತದೆ. ಕಾರ್ಬೊರೇಟರ್ ಹೋಗಿದೆ, ಹೊಸದು ಹಾಕಿಸಿ ಎಂದು ಗ್ಯಾರೇಜಿನಲ್ಲಿ ಹೇಳುತ್ತಾರೆ. ಹಾಕಿಸಬೇಕೆ?
– ಹಾಸನದ ಓದುಗರು

ಉತ್ತರ: ಈಗಲೇ ಬೇಡ. ಚೋಕ್ ಗಾಳಿಯ ದಾರಿ ಕಿರಿದು ಮಾಡಿ ಪೆಟ್ರೋಲಿನ ಪಾಲು ಹೆಚ್ಚಿಸುತ್ತದೆ. ಅದನ್ನು ಎಳೆದಾಗ ಸರಿಹೋಗುತ್ತದೆ ಎಂದರೆ ಎಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲಿಂದಲೋ ಲೆಕ್ಕಕ್ಕೆ ಸಿಗದ ಗಾಳಿ ಒಳಹೋಗುತ್ತಿದೆ. ಎರಡಕ್ಕೂ ಕಾರ್ಬೊರೇಟರನ್ನೇ ಬದಲಿಸಬೇಕಾಗಿ ಬರುವುದು ಅಪರೂಪ.

ಮೊದಲು ಸೊಲೆನಾಯ್ಡ್ ನೋಡಿ. ಕಾರ್ಬೊರೇಟರಿನ ಮೈಗೆ ಕೂತ, ಒಂದು ವೈರ್ ಬಂದು ಸೇರುವ ಸಣ್ಣ ಸಿಲಿಂಡರಿನಂಥ ಭಾಗ ಅದು. ಕೀ ತಿರುಗಿಸಿದಾಗ ಐಡ್ಲಿಂಗ್ (ಎಕ್ಸಲರೇಟರ್ ಒತ್ತದೆ ಎಂಜಿನ್ ನಿಧಾನವಾಗಿ ತಿರುಗುವುದು) ಪೆಟ್ರೋಲಿನ ದಾರಿ ತೆರೆಯುವುದು, ಆಫ್ ಮಾಡಿದಾಗ ಮುಚ್ಚುವುದು ಅದರ ಕೆಲಸ. ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ, ಆ ವೈರಿನ ಕನೆಕ್ಟರ್ ಬಿಚ್ಚಿ ಮತ್ತೆ ತಾಗಿಸಿ. ಪ್ರತಿಸಲವೂ 'ಟಕ್' ಎನ್ನಬೇಕು. ಸದ್ದಿಲ್ಲದಿದ್ದರೆ ವೈರಿಗೆ 12 ವೋಲ್ಟ್ ಬರುತ್ತಿದೆಯೇ ನೋಡಿ. ಕರೆಂಟ್ ಬರುತ್ತಿದ್ದೂ ಸದ್ದಿಲ್ಲವೆಂದರೆ ಸೊಲೆನಾಯ್ಡ್ ಸತ್ತಿದೆ, ಅದೊಂದನ್ನೇ ಬದಲಿಸಿದರೆ ಸಾಕು. ಇಷ್ಟು ಸಣ್ಣ ಭಾಗಕ್ಕಾಗಿ ಇಡೀ ಕಾರ್ಬೊರೇಟರ್ ಬದಲಿಸಿದವರು ಬೇಕಾದಷ್ಟು ಮಂದಿ.

ಎರಡನೆಯದು ಕಳ್ಳಗಾಳಿ. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪಿನ ತುದಿ ಸೀಳಿರಬಹುದು. ಕಾರ್ಬೊರೇಟರ್ ಮತ್ತು ಮ್ಯಾನಿಫೋಲ್ಡ್ (ಮಿಶ್ರಣವನ್ನು ಸಿಲಿಂಡರುಗಳಿಗೆ ಹಂಚುವ ಕೊಳವೆ) ನಡುವಿನ ಪ್ಯಾಕಿಂಗ್ ಒಣಗಿರಬಹುದು. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಗಿಡಕ್ಕೆ ನೀರು ಹೊಡೆಯುವ ಸ್ಪ್ರೇ ಬಾಟಲಿಯಿಂದ ತಳದ ಸುತ್ತ ಸ್ವಲ್ಪಸ್ವಲ್ಪವೇ ನೀರು ಹೊಡೆಯಿರಿ, ಡಿಸ್ಟ್ರಿಬ್ಯೂಟರ್ ಮತ್ತು ಪ್ಲಗ್ ವೈರ್‌ಗಳ ಮೇಲೆ ಬೀಳದಂತೆ. ಯಾವ ಜಾಗದಲ್ಲಿ ನೀರು ಬಿದ್ದಾಗ ಎಂಜಿನ್ ಸದ್ದು ಬದಲಾಗುತ್ತದೋ ಸೋರಿಕೆ ಅಲ್ಲೇ. ಇದೇ ಪರೀಕ್ಷೆಯನ್ನು ಪೆಟ್ರೋಲ್ ಚಿಮುಕಿಸಿ ಮಾಡುವವರಿದ್ದಾರೆ. ಬಿಸಿ ಸೈಲೆನ್ಸರ್ ಪೈಪಿನ ಪಕ್ಕದಲ್ಲಿ ಅದು ಶುದ್ಧ ಹುಚ್ಚುತನ.

ಇವೆರಡೂ ಸರಿಯಿದ್ದರೆ ಉಳಿಯುವುದು ಕಸ ಕಟ್ಟಿಕೊಂಡ ಐಡ್ಲಿಂಗ್ ಜೆಟ್, ಪೆಟ್ರೋಲ್ ಅಳತೆಯಾಗಿ ಹರಿಯುವ ಸಣ್ಣ ತೂತಿನ ತುಂಡು. ಅದರ ರಂಧ್ರ ಅರ್ಧ ಮಿಲಿಮೀಟರಿನ ಆಸುಪಾಸು. ಟ್ಯಾಂಕಿನ ತುಕ್ಕಿನ ಒಂದೇ ಕಣ ಸಾಕು. ಇದಕ್ಕೆ ಕಾರ್ಬೊರೇಟರ್ ತೆರೆದು ತೊಳೆಯಬೇಕು, ಅದರ ಕ್ರಮ ಮುಂದಿನ ಉತ್ತರದಲ್ಲಿದೆ. ತೆರೆಯುವ ಮುಂಚೆ ಇಗ್ನಿಷನ್ ಕಡೆಯನ್ನೂ ಒಮ್ಮೆ ನೋಡಿಬಿಡಿ. ಪ್ಲಗ್ ಗ್ಯಾಪ್ 0.7ರಿಂದ 0.8 ಮಿ.ಮೀ., ಪಾಯಿಂಟ್ ಸೆಟ್ (ಡಿಸ್ಟ್ರಿಬ್ಯೂಟರಿನೊಳಗಿನ ಸ್ವಿಚ್) ಇರುವ ಗಾಡಿಯಾದರೆ ಅದರ ಗ್ಯಾಪ್ 0.4ರಿಂದ 0.5 ಮಿ.ಮೀ. ಇರಲಿ. ಪಾಯಿಂಟ್ ಸುಟ್ಟಿದ್ದರೂ ಐಡ್ಲಿಂಗ್ ಸ್ಥಿರವಾಗಿರುವುದಿಲ್ಲ, ಬೈಗುಳ ಕಾರ್ಬೊರೇಟರಿಗೆ.

ಪ್ರಶ್ನೆ: ರಿಪೇರಿ ಕಿಟ್ ತಂದು ಮಾರುತಿ 800ರ ಕಾರ್ಬೊರೇಟರನ್ನು ನಾನೇ ಬಿಚ್ಚಿ ಸರಿಮಾಡಬೇಕೆಂದಿದ್ದೇನೆ. ಸ್ಕೂಟರ್ ಕಾರ್ಬೊರೇಟರ್ ಬಿಚ್ಚಿ ಜೋಡಿಸಿ ಗೊತ್ತು. ಹಂತಹಂತವಾಗಿ ತಿಳಿಸಿ. ಎಲ್ಲೆಲ್ಲಿ ಎಡವುತ್ತಾರೆ ಎಂಬುದನ್ನೂ ಹೇಳಿ.
– ಶಿವಮೊಗ್ಗದ ಓದುಗರು

ಉತ್ತರ: ಸ್ಕೂಟರಿನದು ಗೊತ್ತಿದ್ದರೆ ಇದೂ ಆಗುತ್ತದೆ. ಆದರೆ ಇಲ್ಲಿ ಎರಡು ಬ್ಯಾರೆಲ್ (ಗಾಳಿ ಹೋಗುವ ಕೊಳವೆ), ಹೆಚ್ಚು ಜೆಟ್, ಹೆಚ್ಚು ಪೈಪು. ಮೊದಲ ಸಲಕ್ಕೆ ಒಂದು ಪೂರ್ತಿ ದಿನ ಇಟ್ಟುಕೊಳ್ಳಿ, ಮರುದಿನ ಕಾರು ಬೇಕೇಬೇಕೆನ್ನುವ ಸಂಜೆ ಕೈಹಾಕಬೇಡಿ.

ತಂದಿಟ್ಟುಕೊಳ್ಳಬೇಕಾದದ್ದು: ನಿಮ್ಮ ಕಾರ್ಬೊರೇಟರಿಗೇ ಹೊಂದುವ ಕಿಟ್ (ಪ್ಯಾಕಿಂಗ್‌ಗಳು, ಎಕ್ಸಲರೇಟರ್ ಒತ್ತಿದಾಗ ಪೆಟ್ರೋಲ್ ಚಿಮ್ಮಿಸುವ ಎಕ್ಸಲರೇಟರ್ ಪಂಪಿನ ಡಯಾಫ್ರಾಮ್, ಪೆಟ್ರೋಲ್ ಮಟ್ಟ ಕಾಯುವ ಫ್ಲೋಟಿನ ಸೂಜಿ ಸೀಟಿನ ಸಮೇತ, ಓ-ರಿಂಗ್‌ಗಳು), 500 ಮಿ.ಲೀ. ಕಾರ್ಬ್ ಕ್ಲೀನರ್ ಒಂದು ಡಬ್ಬಿ, ಹೊಸ ಪೆಟ್ರೋಲ್ ಫಿಲ್ಟರ್, ಒಂದು ಮೀಟರ್ ಪೆಟ್ರೋಲ್ ಪೈಪ್, ಆರು ಕ್ಲಿಪ್, ಅಂಚಿರುವ ಬಿಳಿ ತಟ್ಟೆ. ಸ್ಕ್ರೂಡ್ರೈವರ್ ವಿಷಯದಲ್ಲಿ ಎಚ್ಚರ. ಜಪಾನಿ ಮೂಲದ ಈ ಕಾರ್ಬೊರೇಟರಿನ ಸ್ಕ್ರೂ ತಲೆಗಳು ಜೆಐಎಸ್ (ಜಪಾನಿನ ಮಾನಕ) ಅಳತೆಯವು. ಸಾಮಾನ್ಯ ಫಿಲಿಪ್ಸ್ ಸ್ಕ್ರೂಡ್ರೈವರ್ ಅವುಗಳಲ್ಲಿ ಪೂರ್ತಿ ಕೂರದೆ ಜಾರಿ ತಲೆಯನ್ನು ತಿಂದುಹಾಕುತ್ತದೆ. ಜೆಐಎಸ್ ಬಿಟ್ ಸಿಗದಿದ್ದರೆ ಫಿಲಿಪ್ಸ್ ತುದಿಯನ್ನು ಒಂದಿಷ್ಟು ಉಜ್ಜಿ ಮೊಂಡು ಮಾಡಿ, ಸ್ಕ್ರೂ ಮೇಲಿಟ್ಟು ಸುತ್ತಿಗೆಯಿಂದ ಒಂದು ಮೆಲುಪೆಟ್ಟು ಕೊಟ್ಟು ಆಮೇಲೆ ತಿರುಗಿಸಿ.

ಎಂಜಿನ್ ಪೂರ್ತಿ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಏರ್ ಕ್ಲೀನರ್ ತೆಗೆದ ಮೇಲೆ ನಾಲ್ಕೂ ಕಡೆಯಿಂದ ಫೋಟೊ ತೆಗೆದುಕೊಂಡು, ಪ್ರತಿ ಪೈಪಿಗೂ ಅದು ಕೂರುವ ಮೂತಿಗೂ ಒಂದೇ ನಂಬರಿನ ಟೇಪ್ ಅಂಟಿಸಿ. ಚೋಕ್ ಕೇಬಲ್, ಎಕ್ಸಲರೇಟರ್ ಕೇಬಲ್, ಸೊಲೆನಾಯ್ಡ್ ವೈರ್, ಪೆಟ್ರೋಲ್ ಪೈಪ್ ಬಿಚ್ಚಿ, ತಳದ ನಟ್‌ಗಳನ್ನು ತೆಗೆದು ಕಾರ್ಬೊರೇಟರನ್ನು ನೇರವಾಗಿ ಮೇಲೆತ್ತಿ. ಎತ್ತಿದ ಕೂಡಲೇ ಮ್ಯಾನಿಫೋಲ್ಡಿನ ಬಾಯಿಗೆ ಸ್ವಚ್ಛ ಬಟ್ಟೆ ತುರುಕಿ. ಅದರೊಳಗೆ ಬಿದ್ದ ವಾಷರ್ ಸೀದಾ ಸಿಲಿಂಡರಿಗೆ ಹೋಗುತ್ತದೆ.

ಮೇಲ್ಮುಚ್ಚಳ ತೆಗೆದಾಗ ಫ್ಲೋಟ್ ಕೋಣೆಯ ತಳ ನೋಡಿ. ಕೆಂಪು ಪುಡಿಯಿದ್ದರೆ ಟ್ಯಾಂಕಿಗೆ ತುಕ್ಕು ಹಿಡಿದಿದೆ, ಬಿಳಿ ಅಥವಾ ಹಸಿರು ಬೂಷ್ಟಿನಂಥದ್ದು ಕಂಡರೆ ನೀರು ಸೇರಿದೆ. ಆ ಮೂಲ ಸರಿಮಾಡದಿದ್ದರೆ ನೀವು ತೊಳೆದದ್ದು ತಿಂಗಳೊಪ್ಪತ್ತಿನಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ.

ಇನ್ನು ಜೆಟ್‌ಗಳು. ಒಂದೊಂದನ್ನೇ ತೆಗೆದು, ಅದರ ಮೇಲಿನ ಅಂಕಿಯನ್ನೂ ಅದು ಯಾವ ಬ್ಯಾರೆಲಿನದು ಎಂಬುದನ್ನೂ ಕಾಗದದ ಮೇಲೆ ಬರೆದು, ಅದರ ಪಕ್ಕದಲ್ಲೇ ಇಡಿ. ಮೊದಲ ಮತ್ತು ಎರಡನೇ ಬ್ಯಾರೆಲಿನ ಮೇನ್ ಜೆಟ್‌ಗಳು ನೋಡಲು ಅವಳಿಜವಳಿ, ರಂಧ್ರ ಮಾತ್ರ ಬೇರೆ. ಅವು ಅದಲುಬದಲಾಗುವುದೇ ಮನೆಯಲ್ಲಿ ಮಾಡಿದ ರಿಪೇರಿ ಕೆಡುವುದಕ್ಕೆ ಅತಿ ಸಾಮಾನ್ಯ ಕಾರಣ. ಆಮೇಲೆ ಕಾರು ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಆದರೆ ಮೈಲೇಜ್ ಇಳಿದಿರುತ್ತದೆ. ಏಕೆಂದು ಯಾರಿಗೂ ಹೊಳೆಯುವುದಿಲ್ಲ. ಎಕ್ಸಲರೇಟರ್ ಪಂಪಿನ ದಾರಿಯಲ್ಲಿ ಸಾಸಿವೆ ಕಾಳಿನಂಥ ಉಕ್ಕಿನ ಗುಂಡೊಂದು ಇರುತ್ತದೆ. ಕಾರ್ಬೊರೇಟರನ್ನು ತಟ್ಟೆಯ ಮೇಲೆ ಹಿಡಿದು ನಿಧಾನವಾಗಿ ಬೋರಲು ಹಾಕಿ ಅದನ್ನು ಹಿಡಿದುಕೊಳ್ಳಿ. ನೇರ ಗಾಳಿ ಹೊಡೆದರೆ ಗುಂಡು ಹಾರಿ ಗಟಾರ ಸೇರುತ್ತದೆ.

ಐಡ್ಲಿಂಗ್ ಮಿಶ್ರಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ತೆಗೆಯುವ ಮುಂಚೆ ಅದನ್ನು ಮೆಲ್ಲಗೆ ಒಳಗೆ ತಿರುಗಿಸಿ, ಎಷ್ಟು ಸುತ್ತಿಗೆ ತಳ ಮುಟ್ಟಿತು ಎಂದು ಬರೆದುಕೊಳ್ಳಿ. ಬಿಗಿಯಬೇಡಿ. ಅದರ ಚೂಪು ತುದಿಯಲ್ಲಿ ಉಂಗುರದಂಥ ಗೆರೆ ಬಿದ್ದಿದ್ದರೆ ಹಿಂದೆ ಯಾರೋ ಬಿಗಿದಿದ್ದಾರೆ ಎಂದರ್ಥ. ಆ ಸ್ಕ್ರೂನಿಂದ ಇನ್ನು ಸರಿಯಾದ ಐಡ್ಲಿಂಗ್ ಸಿಗದು, ಬದಲಿಸಿ.

ತೊಳೆಯುವಾಗ ರಬ್ಬರ್, ಡಯಾಫ್ರಾಮ್, ಪ್ಲಾಸ್ಟಿಕ್, ಸೊಲೆನಾಯ್ಡ್ ಎಲ್ಲವನ್ನೂ ಮೊದಲೇ ತೆಗೆದಿಡಿ, ಕ್ಲೀನರ್ ತಾಗಿದರೆ ಅವು ಉಬ್ಬುತ್ತವೆ. ಕಣ್ಣಿಗೆ ಕನ್ನಡಕ ಇರಲಿ. ಒಂದು ರಂಧ್ರಕ್ಕೆ ಹೊಡೆದದ್ದು ಇನ್ನೊಂದರಿಂದ ಚಿಮ್ಮಿ ಮುಖಕ್ಕೇ ಬರುತ್ತದೆ. ಗಾಳಿಯನ್ನು ಪೆಟ್ರೋಲ್ ಹರಿಯುವ ದಿಕ್ಕಿಗೆ ವಿರುದ್ಧವಾಗಿ ಹೊಡೆಯಿರಿ, ಕಸ ಬಂದ ದಾರಿಯಲ್ಲೇ ಹೊರಗೆ ಹೋಗಲಿ. ಜೆಟ್ ಹಿತ್ತಾಳೆಯದು. ಹೊಲಿಗೆ ಸೂಜಿ, ಸ್ಟೀಲ್ ವೈರ್, ಪಿನ್ನು ಯಾವುದನ್ನೂ ಹಾಕಬೇಡಿ. ಹಟಹಿಡಿದು ಕೂತ ಕಸಕ್ಕೆ ಮೀನಿನ ಗಾಳದ ನೈಲಾನ್ ದಾರದ ಎಳೆ ಸಾಕು. ರಂಧ್ರ 1.20 ಮಿ.ಮೀ.ಯಿಂದ 1.25ಕ್ಕೆ ಹಿಗ್ಗಿದರೂ ಅದರ ವಿಸ್ತೀರ್ಣ ಶೇ. 8ಕ್ಕಿಂತ ಹೆಚ್ಚಾಗುತ್ತದೆ, ಪೆಟ್ರೋಲೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚು ಹರಿಯುತ್ತದೆ.

ಫ್ಲೋಟ್ ಹಿತ್ತಾಳೆಯದಾದರೆ ಬಿಸಿನೀರಿನಲ್ಲಿ ಮುಳುಗಿಸಿ. ಗುಳ್ಳೆ ಬಂದರೆ ತೂತಿದೆ. ಹೊಸ ಸೂಜಿ-ಸೀಟು ಹಾಕಿದ ಮೇಲೆ ಮುಚ್ಚಳವನ್ನು ತಲೆಕೆಳಗಾಗಿ ಹಿಡಿದು ಪೆಟ್ರೋಲ್ ಮೂತಿಗೆ ಸ್ವಚ್ಛ ಪೈಪ್ ತೊಡಿಸಿ ಬಾಯಿಂದ ಊದಿ. ಫ್ಲೋಟಿನ ಭಾರಕ್ಕೆ ಸೂಜಿ ಕೂತಾಗ ಗಾಳಿ ಹೋಗಬಾರದು. ಫ್ಲೋಟ್ ಎತ್ತರ ಕಿಟ್ಟಿನ ಜೊತೆಗಿರುವ ಹಾಳೆಯಲ್ಲಿರುವಂತೆಯೇ ಇರಬೇಕು. ಹೊಂದಿಸಲು ಫ್ಲೋಟಿನ ಸಣ್ಣ ನಾಲಿಗೆಯನ್ನು ಮಾತ್ರ ಬಗ್ಗಿಸಿ, ಸೂಜಿಯ ಮೇಲೆ ಒತ್ತಿ ಬಗ್ಗಿಸಿದರೆ ಹೊಸ ಸೂಜಿಯ ತುದಿಯೇ ಹಾಳು. ಫ್ಲೋಟ್ ಕೋಣೆಗೆ ಗಾಜಿನ ಕಿಂಡಿಯಿದ್ದರೆ, ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಪೆಟ್ರೋಲ್ ಮಟ್ಟ ಅದರ ಗುರುತಿನ ಹತ್ತಿರ ನಿಲ್ಲಬೇಕು.

ಜೋಡಿಸುವಾಗ ಪ್ಯಾಕಿಂಗ್ ಒಣದಾಗಿಯೇ ಇರಲಿ. ಅನಾಬಾಂಡ್ ತರಹದ ಸೀಲಂಟ್ ಬಳಿದರೆ ಅಂಚಿನಲ್ಲಿ ಹಿಂಡಿಬಂದದ್ದು ಪೆಟ್ರೋಲಿನಲ್ಲಿ ಬಿಟ್ಟುಕೊಂಡು, ನೀವು ಈಗಷ್ಟೇ ತೊಳೆದ ಜೆಟ್ಟಿನಲ್ಲಿ ಹೋಗಿ ಕೂರುತ್ತದೆ. ತಳದ ಚಾಚು ಸಮವಾಗಿದೆಯೇ ಎಂದು ಸ್ಟೀಲ್ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದು ನೋಡಿ. ಬೆಳಕು ನುಸುಳಿದರೆ ದಪ್ಪ ಗಾಜಿನ ಮೇಲೆ 400ರ ನೀರುಕಾಗದ (ಉಜ್ಜುಕಾಗದ) ಹಾಸಿ ಎಂಟರ ಆಕಾರದಲ್ಲಿ ಉಜ್ಜಿ. ನಟ್‌ಗಳನ್ನು ಒಂದಾದ ಮೇಲೆ ಎದುರಿನದನ್ನು, ಸ್ವಲ್ಪಸ್ವಲ್ಪವಾಗಿ, ಗಿಡ್ಡ ಸ್ಪಾನರಿನಿಂದ ಬಿಗಿಯಿರಿ. ಉದ್ದದ ಸ್ಪಾನರ್ ಹಾಕಿ ಜಗ್ಗಿದ್ದರಿಂದಲೇ ಆ ಚಾಚು ಬಾಗುವುದು.

ಕೂರಿಸುವ ಮುಂಚೆ ಫ್ಲೋಟ್ ಕೋಣೆಗೆ ಒಂದಿಷ್ಟು ಪೆಟ್ರೋಲ್ ತುಂಬಿಸಿ ಎಕ್ಸಲರೇಟರ್ ಸನ್ನೆಯನ್ನು ಒತ್ತಿ ನೋಡಿ. ಬ್ಯಾರೆಲಿನೊಳಗೆ ನೇರವಾದ ಗಟ್ಟಿ ಧಾರೆ ಬರಬೇಕು. ತೊಟ್ಟಿಕ್ಕಿದರೆ ಡಯಾಫ್ರಾಮ್ ಸರಿಯಾಗಿ ಕೂತಿಲ್ಲ, ಇಲ್ಲವೇ ಆ ಗುಂಡನ್ನು ಮರೆತಿದ್ದೀರಿ. ರಸ್ತೆಗಿಳಿದ ಮೇಲೆ ಎಕ್ಸಲರೇಟರ್ ಒತ್ತಿದ ಕ್ಷಣ ಕಾರು ತಡವರಿಸುವುದಕ್ಕೂ ಇದೇ ಕಾರಣ.

ಕೊನೆಗೆ ಟ್ಯೂನಿಂಗ್. ಮಿಕ್ಸ್ಚರ್ ಸ್ಕ್ರೂ ಬರೆದುಕೊಂಡಷ್ಟೇ ಸುತ್ತು ಹೊರಗಿರಲಿ. ಲೆಕ್ಕ ತಪ್ಪಿದ್ದರೆ ಎರಡು ಸುತ್ತಿನಿಂದ ಶುರುಮಾಡಿ. ಹತ್ತು-ಹದಿನೈದು ನಿಮಿಷ ಓಡಿಸಿ ಎಂಜಿನ್ ಪೂರ್ತಿ ಬಿಸಿಯಾಗಲಿ, ಚೋಕ್ ಪೂರ್ತಿ ಒಳಗಿರಲಿ, ಲೈಟು-ಫ್ಯಾನು ಆಫ್ ಇರಲಿ. ಐಡ್ಲಿಂಗ್ ನಿಮಿಷಕ್ಕೆ 850 ಸುತ್ತಿನ ಹತ್ತಿರ ತನ್ನಿ. ಮಿಕ್ಸ್ಚರ್ ಸ್ಕ್ರೂವನ್ನು ಕಾಲುಕಾಲು ಸುತ್ತು ತಿರುಗಿಸಿ, ಪ್ರತಿಸಲ ಹತ್ತು ಸೆಕೆಂಡ್ ಕಾದು, ಎಂಜಿನ್ ಅತಿ ವೇಗವಾಗಿ ತಿರುಗುವ ಜಾಗ ಹುಡುಕಿ. ಅಲ್ಲಿಂದ ವೇಗ 30–50 ಸುತ್ತು ಇಳಿಯುವಷ್ಟು ಒಳಗೆ ತಿರುಗಿಸಿ ನಿಲ್ಲಿಸಿ, ಮತ್ತೆ ಐಡ್ಲಿಂಗ್ 850ಕ್ಕೆ ತನ್ನಿ. ವ್ಯಾಕ್ಯೂಮ್ ಗೇಜ್ ಇರುವವರಿಗೆ ಒಂದು ಮಾತು: ಪುಸ್ತಕದ ಅಂಕಿಗಳು ಸಮುದ್ರಮಟ್ಟದ್ದು. ಪ್ರತಿ 1000 ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು (ಪಾದರಸ) ಕಡಿಮೆ ತೋರಿಸುತ್ತದೆ. 3000 ಅಡಿಯ ಬೆಂಗಳೂರಿನಲ್ಲಿ 18ರ ಬದಲು 15 ಬಂದರೆ ಎಂಜಿನ್ ಚೆನ್ನಾಗಿಯೇ ಇದೆ.

ಮೊದಲ ಸಲ ಸ್ಟಾರ್ಟ್ ಮಾಡುವಾಗ ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿರಲಿ.

ಪ್ರಶ್ನೆ: ಹೊಸದು ಕೊಳ್ಳಲೇಬೇಕು ಎಂಬ ಸ್ಥಿತಿ ಯಾವಾಗ ಬರುತ್ತದೆ? ಜೆ.ಸಿ. ರಸ್ತೆಯಲ್ಲಿ ಹೆಸರಿಲ್ಲದ ಡಬ್ಬಿಯ 'ಹೊಸ' ಕಾರ್ಬೊರೇಟರ್ ತೋರಿಸಿದರು. ಗುಜರಿಯಲ್ಲಿ ಹಳೆಯ ಒರಿಜಿನಲ್ ಇದೆ. ಯಾವುದು ವಾಸಿ?
– ಬೆಂಗಳೂರಿನ ಓದುಗರು

ಉತ್ತರ: ಗುಜರಿಯ ಒರಿಜಿನಲ್, ಅದರ ಶಾಫ್ಟ್ ಗಟ್ಟಿಯಿದ್ದರೆ.

ಕಾರ್ಬೊರೇಟರಿನಲ್ಲಿ ಕಿಟ್ಟಿನಿಂದ ಸರಿಹೋಗದ ಸವೆತ ಮುಖ್ಯವಾಗಿ ಒಂದೇ. ಬಟರ್‌ಫ್ಲೈ (ಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆ) ಕೂತಿರುವ ಥ್ರಾಟಲ್ ಶಾಫ್ಟ್ ದಿನಕ್ಕೆ ಸಾವಿರಾರು ಸಲ ತಿರುಗಿ, ಮೃದು ಲೋಹದ ಮೈಯಲ್ಲಿ ತನ್ನ ತೂತನ್ನು ಅಂಡಾಕಾರ ಮಾಡಿಕೊಳ್ಳುತ್ತದೆ. ಅಲ್ಲಿಂದ ಗಾಳಿ ನುಗ್ಗುತ್ತದೆ, ಐಡ್ಲಿಂಗ್ ಒಮ್ಮೆ 800, ಒಮ್ಮೆ 1200, ಏನು ಟ್ಯೂನ್ ಮಾಡಿದರೂ ನಿಲ್ಲದು. ಶಾಫ್ಟಿನ ತುದಿ ಹಿಡಿದು ಮೇಲೆ-ಕೆಳಗೆ ಅಲ್ಲಾಡಿಸಿ. ಬೆರಳಿಗೆ ಗೊತ್ತಾಗುವಷ್ಟು ಆಟವಿದ್ದರೆ ಎಷ್ಟು ಕಿಟ್ ಹಾಕಿದರೂ ವ್ಯರ್ಥ.

ಆಗಲೂ ಎಸೆಯಬೇಡಿ. ಒಳ್ಳೆಯ ಲೇತ್ ಅಂಗಡಿಯಲ್ಲಿ ಎರಡೂ ಬದಿಗೆ ಗನ್‌ಮೆಟಲ್ ಬುಷ್ ಹಾಕಿಸಿ, ಎರಡೂ ತೂತುಗಳು ಒಂದೇ ಗೆರೆಯಲ್ಲಿ ಬರುವಂತೆ ರೀಮ್ ಮಾಡಿಸಬಹುದು. ಬಟರ್‌ಫ್ಲೈ ಬಿಚ್ಚುವವರಿಗೆ ಮೊದಲೇ ಹೇಳಿ: ಅದರ ಎರಡು ಸಣ್ಣ ಸ್ಕ್ರೂಗಳ ತುದಿಯನ್ನು ಕಾರ್ಖಾನೆಯಲ್ಲಿ ಚಪ್ಪಟೆ ಬಡಿದಿರುತ್ತಾರೆ. ಆ ಉಬ್ಬನ್ನು ಅರದಿಂದ ಉಜ್ಜದೆ ತಿರುಗಿಸಿದರೆ ಸ್ಕ್ರೂ ಶಾಫ್ಟಿನೊಳಗೇ ಮುರಿಯುತ್ತದೆ. ಮತ್ತೆ ಹಾಕುವಾಗ ಹೊಸ ಸ್ಕ್ರೂ, ಥ್ರೆಡ್‌ಲಾಕ್, ತುದಿಗೆ ಮೆಲುಬಡಿತ ಮೂರೂ ಬೇಕು. ಆ ಸ್ಕ್ರೂ ಸಡಿಲಾದರೆ ಎಂಜಿನ್ ಅದನ್ನು ನುಂಗುತ್ತದೆ. ಬಟರ್‌ಫ್ಲೈ ಯಾವ ಮುಖ ಮೇಲಿತ್ತು ಎಂದು ಗುರುತು ಮಾಡಿಕೊಂಡಿರಬೇಕು, ಅದರ ಅಂಚು ಓರೆ.

ಹೆಸರಿಲ್ಲದ ಡಬ್ಬಿಯವು ಹೊರನೋಟಕ್ಕೆ ತದ್ರೂಪ. ಜೆಟ್ ಮೇಲಿನ ಅಂಕಿಗೂ ಒಳಗಿನ ರಂಧ್ರಕ್ಕೂ ಹೊಂದಿಕೆಯಿರುತ್ತದೆ ಎಂಬ ಭರವಸೆ ಇಲ್ಲ. ಮೈ ಒಡೆದಿದ್ದರೆ, ಸ್ಕ್ರೂ ತೂತಿನ ಥ್ರೆಡ್ ಕಿತ್ತುಹೋಗಿದ್ದರೆ, ನೀರು ನಿಂತು ಒಳದಾರಿಗಳೇ ತಿಂದುಹೋಗಿದ್ದರೆ ಮಾತ್ರ ಬದಲಿಸಿ. ಹಾಗೆ ಹೊಸದು ಹಾಕಿಸಿದರೂ ಹಳೆಯ ಜೆಟ್‌ಗಳನ್ನು ಎಸೆಯದೆ, ಹೊಂದುವುದಾದರೆ ಅದಕ್ಕೇ ವರ್ಗಾಯಿಸಿ.

ಪ್ರಶ್ನೆ: ಮಂಗಳೂರಿನಿಂದ ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರದಲ್ಲಿ ಚಹಾಕ್ಕೆ ನಿಲ್ಲಿಸಿದರೆ ನಮ್ಮ ಹಳೆಯ ಕಾರು ಹತ್ತು ನಿಮಿಷ ಬಿಟ್ಟು ಸ್ಟಾರ್ಟೇ ಆಗುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಏನೂ ಆಗದವರಂತೆ ಹೊರಡುತ್ತದೆ.
– ಮಂಗಳೂರಿನ ಓದುಗರು

ಉತ್ತರ: ಘಟ್ಟ ಹತ್ತಿದ ಎಂಜಿನನ್ನು ತಟ್ಟನೆ ನಿಲ್ಲಿಸಿದಾಗ ಫ್ಯಾನಿಲ್ಲ, ಎದುರುಗಾಳಿಯಿಲ್ಲ. ಕೆಳಗಿನ ಕಾವು ಕಾರ್ಬೊರೇಟರಿಗೆ ಏರಿ, ಫ್ಲೋಟ್ ಕೋಣೆಯ ಪೆಟ್ರೋಲ್ ಕುದಿದು ಮ್ಯಾನಿಫೋಲ್ಡಿಗೆ ಸುರಿಯುತ್ತದೆ. ಎಂಜಿನ್ ಪೆಟ್ರೋಲಿನಲ್ಲಿ ಮುಳುಗಿರುತ್ತದೆ, ಆಗ ನೀವು ಚೋಕ್ ಎಳೆದರೆ ಇನ್ನಷ್ಟು ಮುಳುಗುತ್ತದೆ. ಚೋಕ್ ಮುಟ್ಟದೆ ಎಕ್ಸಲರೇಟರನ್ನು ನೆಲಕ್ಕೆ ಒತ್ತಿಹಿಡಿದು ಹತ್ತು ಸೆಕೆಂಡ್ ಕ್ರ್ಯಾಂಕ್ ಮಾಡಿ, ಹಿಡಿದ ಕೂಡಲೇ ಕಾಲೆತ್ತಿ. ಪದೇಪದೇ ಒತ್ತಿಬಿಡಬೇಡಿ, ಪ್ರತಿ ಒತ್ತಿಗೂ ಪಂಪ್ ಇನ್ನೊಂದು ಧಾರೆ ಸುರಿಯುತ್ತದೆ. ನಿಲ್ಲಿಸುವ ಮುಂಚೆ ಒಂದು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು, ಆಫ್ ಮಾಡಿದ ಮೇಲೆ ಬಾನೆಟ್ ಎತ್ತಿಡಿ.

ಶಾಶ್ವತ ಪರಿಹಾರ ಕಾರ್ಬೊರೇಟರಿನ ಕೆಳಗಿದೆ. ಅಲ್ಲಿ ಶಾಖ ತಡೆಯುವ ದಪ್ಪ ಬೇಕಲೈಟ್ ಇನ್ಸುಲೇಟರ್ ಇರಬೇಕು. ಹಿಂದಿನ ರಿಪೇರಿಯಲ್ಲಿ ಅದನ್ನು ಬಿಟ್ಟು ಬರೀ ಕಾಗದದ ಪ್ಯಾಕಿಂಗ್ ಹಾಕಿರುವ ಕಾರುಗಳು ಅನೇಕ. ಪೆಟ್ರೋಲ್ ಪೈಪ್ ಸೈಲೆನ್ಸರ್ ಮ್ಯಾನಿಫೋಲ್ಡಿಗೆ ತಾಗಿಕೊಂಡು ಹೋಗಿದೆಯೇ ಎಂದೂ ನೋಡಿ. ಕಡಲ ಮಟ್ಟದಲ್ಲಿ ಟ್ಯೂನ್ ಮಾಡಿದ ಕಾರು 900 ಮೀಟರ್ ಎತ್ತರದಲ್ಲಿ, ಗಾಳಿ ತೆಳುವಾದ್ದರಿಂದ, ಶೇ. 5ರಷ್ಟು ಹೆಚ್ಚು ಪೆಟ್ರೋಲ್ ಕುಡಿದಂತೆ ವರ್ತಿಸುತ್ತದೆ. ಅದಕ್ಕೆ ಜೆಟ್ ಬದಲಿಸುವ ಅಗತ್ಯವಿಲ್ಲ.

ಪ್ರಶ್ನೆ: ಈಗಿನ ಇ20 (ಶೇ. 20 ಎಥೆನಾಲ್ ಬೆರೆಸಿದ) ಪೆಟ್ರೋಲಿಗೆ ನನ್ನ ಪದ್ಮಿನಿಯ ಸೋಲೆಕ್ಸ್ ಕಾರ್ಬೊರೇಟರಿನಲ್ಲಿ ಏನು ಬದಲಿಸಬೇಕು?
– ತುಮಕೂರಿನ ಓದುಗರು

ಉತ್ತರ: ಮೊದಲು ರಬ್ಬರ್. ಹಳೆಯ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಾಮ್, ಎಕ್ಸಲರೇಟರ್ ಪಂಪಿನ ಡಯಾಫ್ರಾಮ್ ಎಥೆನಾಲಿಗೆ ಮೆತ್ತಗಾಗುತ್ತವೆ, ಬಿರಿಯುತ್ತವೆ. ಪೈಪಿನ ಮೈಮೇಲೆ 'ಎಸ್‌ಎಇ ಜೆ30 ಆರ್9' ಎಂದು ಮುದ್ರಿಸಿರುವುದನ್ನೇ ಕೇಳಿ ತನ್ನಿ. ಅದರ ಒಳಪದರ ಎಥೆನಾಲಿಗೆ ತಾಳುವ ಫ್ಲೋರೊ ರಬ್ಬರ್. ಮುದ್ರೆಯಿಲ್ಲದ ಕಪ್ಪು ಪೈಪ್ ಬೇಡ, ಅದು ಸೋರಿದರೆ ಸೋರುವುದು ಬಿಸಿ ಎಂಜಿನ್ ಮೇಲೆ.

ಎರಡನೆಯದು ಜೆಟ್. ಒಂದು ಕಿಲೊ ಶುದ್ಧ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು, ಎಥೆನಾಲಿಗೆ 9 ಸಾಕು. ಇ20ಗೆ ಲೆಕ್ಕ ಹಾಕಿದರೆ 13.6ರ ಹತ್ತಿರ ಬರುತ್ತದೆ. ಅಂದರೆ ಹಳೆಯ ಜೆಟ್ಟಿನಲ್ಲಿ ಮಿಶ್ರಣ ಶೇ. 7–8ರಷ್ಟು ಬಡವಾಗುತ್ತದೆ (ಪೆಟ್ರೋಲಿನ ಪಾಲು ಸಾಲುವುದಿಲ್ಲ). ಸೋಲೆಕ್ಸ್ ಜೆಟ್ಟಿನ ಅಂಕಿ ಮಿಲಿಮೀಟರಿನ ನೂರನೇ ಭಾಗದಲ್ಲಿರುತ್ತದೆ, 120 ಎಂದರೆ 1.20 ಮಿ.ಮೀ. ಈಗಿರುವುದಕ್ಕಿಂತ 5 ಅಂಕಿ ದೊಡ್ಡ ಮೇನ್ ಜೆಟ್ ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಆದರೆ ಸುಮ್ಮಸುಮ್ಮನೆ ಹಾಕಬೇಡಿ. ಏರಿನಲ್ಲಿ ಎಳೆತ ಕಡಿಮೆಯಾಗಿ, ಕಾರ್ಬೊರೇಟರಿನಿಂದ 'ಫಟ್' ಎಂದು ಹಿಂದೆ ಉಗುಳಿ, ಪ್ಲಗ್ ಸುಣ್ಣದಂತೆ ಬೆಳ್ಳಗಾಗಿದ್ದರೆ ಮಾತ್ರ. ಪ್ಲಗ್ ಬಿಸ್ಕತ್ತಿನ ಬಣ್ಣದಲ್ಲಿದ್ದರೆ ಇರುವ ಜೆಟ್ಟೇ ಇರಲಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಫ್ಲೋಟ್ ಕೋಣೆ ಖಾಲಿ ಮಾಡಿಡಿ. ಎಥೆನಾಲ್ ನೀರೆಳೆದುಕೊಂಡು ತಳಕ್ಕಿಳಿದರೆ ಸತುವಿನ ಮೈ ತಿನ್ನುತ್ತದೆ.

ಪ್ರಶ್ನೆ: ಅಂಬಾಸಿಡರ್, ಎಸ್‌ಯು ಕಾರ್ಬೊರೇಟರ್. ಎಕ್ಸಲರೇಟರ್ ಒತ್ತಿದರೆ ಒಂದು ಕ್ಷಣ ಸತ್ತಂತಾಗಿ ಆಮೇಲೆ ಏಳುತ್ತದೆ. ಪಂಪಿನ ಡಯಾಫ್ರಾಮ್ ಎಲ್ಲಿದೆ?
– ಧಾರವಾಡದ ಓದುಗರು

ಉತ್ತರ: ಎಸ್‌ಯುನಲ್ಲಿ ಎಕ್ಸಲರೇಟರ್ ಪಂಪೇ ಇಲ್ಲ. ಅದರ ಕೆಲಸವನ್ನು ಮೇಲಿನ ಗುಮ್ಮಟದೊಳಗಿನ ಎಣ್ಣೆ ಮಾಡುತ್ತದೆ, ಕಾರ್ಬೊರೇಟರಿನೊಳಗಿನ ಪಿಸ್ಟನ್ ಥಟ್ಟನೆ ಏಳದಂತೆ ತಡೆದು. ಮೇಲಿನ ಟೋಪಿ ತಿರುಗಿಸಿ ತೆಗೆಯಿರಿ, ಟೊಳ್ಳು ಕಡ್ಡಿಯಲ್ಲಿ ಎಣ್ಣೆ ಒಣಗಿರುತ್ತದೆ. 20 ಗ್ರೇಡಿನ ಎಂಜಿನ್ ಆಯಿಲ್ ತುಂಬಿ. ಗ್ರೀಸ್ ಅಲ್ಲ, ಬ್ರೇಕ್ ಆಯಿಲ್ ಅಲ್ಲ. ಆಮೇಲೆ ಏರ್ ಕ್ಲೀನರ್ ತೆಗೆದು ಪಿಸ್ಟನನ್ನು ಬೆರಳಿನಿಂದ ಎತ್ತಿ ಬಿಡಿ. ಸಲೀಸಾಗಿ ಇಳಿದು ತಳಕ್ಕೆ 'ಟಿಕ್' ಎಂದು ತಾಗಬೇಕು. ಸದ್ದಿಲ್ಲದೆ ಮಧ್ಯೆ ತಡೆದರೆ ಸೂಜಿ ಜೆಟ್ಟಿಗೆ ಉಜ್ಜುತ್ತಿದೆ, ಜೆಟ್ಟಿನ ಲಾಕ್‌ನಟ್ ಸಡಿಲಿಸಿ ಮತ್ತೆ ನಡುವಿಗೆ ತರಬೇಕು.

ಪ್ರಶ್ನೆ: ಮೆಕ್ಯಾನಿಕಲ್ ಪೆಟ್ರೋಲ್ ಪಂಪ್ ಕೆಟ್ಟಿತು. ಎಂಪಿಎಫ್ಐ (ಕಾರ್ಬೊರೇಟರ್ ಬದಲು ಇಂಜೆಕ್ಟರ್ ಇರುವ) ಕಾರಿನ ಎಲೆಕ್ಟ್ರಿಕ್ ಪಂಪ್ ಹಾಕಿಸಿದೆ. ಆಗಿನಿಂದ ಪೆಟ್ರೋಲ್ ವಾಸನೆ, ಕಪ್ಪು ಹೊಗೆ. ಹೊಗೆ ತಪಾಸಣೆಯಲ್ಲೂ ಫೇಲ್.
– ದಾವಣಗೆರೆಯ ಓದುಗರು

ಉತ್ತರ: ಇವತ್ತೇ ತೆಗೆಸಿ. ಕಾರ್ಬೊರೇಟರಿನ ಫ್ಲೋಟ್ ಸೂಜಿ ತಡೆಯುವುದು 0.2–0.3 ಬಾರ್ ಒತ್ತಡವನ್ನು, ಆ ಪಂಪ್ ಕೊಡುವುದು ಅದರ ಹತ್ತು ಪಟ್ಟು. ಹಳೆಯ ಬಗೆಯ ಪಂಪನ್ನೇ ಹಾಕಿಸಿ, ಎಂಜಿನ್ ಆಯಿಲ್ ಅಳತೆಕಡ್ಡಿ ಮೂಸಿ ನೋಡಿ. ಪೆಟ್ರೋಲ್ ವಾಸನೆಯಿದ್ದರೆ ಆಯಿಲ್ ಕೂಡ ಬದಲಿಸಿ, ಇಲ್ಲದಿದ್ದರೆ ಬೇರಿಂಗ್ ಹೋಗುತ್ತದೆ. ಬಿಎಸ್-2 ಹೊಗೆ ಮಾನದಂಡಕ್ಕಿಂತ ಹಿಂದಿನ ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ. 3, ಹೈಡ್ರೋಕಾರ್ಬನ್ 1500 ಪಿಪಿಎಂ ಮಿತಿ. ಒತ್ತಡ ಸರಿಹೋಗಿ ಏರ್ ಫಿಲ್ಟರ್ ಸ್ವಚ್ಛವಿದ್ದರೆ ಸರಿಯಾಗಿ ಟ್ಯೂನ್ ಮಾಡಿದ ಕಾರ್ಬೊರೇಟರ್ ಈ ಮಿತಿಯೊಳಗೆ ಬರುತ್ತದೆ. ತಪಾಸಣೆಗೆ ಹೋಗುವಾಗ ಎಂಜಿನ್ ಬಿಸಿಯಾಗಿರಲಿ, ಚೋಕ್ ಪೂರ್ತಿ ಒಳಗಿದೆಯೇ ಎಂದು ಬಾನೆಟ್ ಎತ್ತಿ ಕಣ್ಣಾರೆ ನೋಡಿ. ಕಾರಿನೊಳಗೆ ಚೋಕ್ ಗುಂಡಿ ಪೂರ್ತಿ ತಳ್ಳಿದ್ದರೂ ಕೇಬಲ್ ಹಿಡಿದುಕೊಂಡು ಚೋಕ್ ತಟ್ಟೆ ಅರ್ಧ ಮುಚ್ಚಿಯೇ ಇರುವುದುಂಟು.